ಗುಡ್ಡೆ ತಗ್ಗಿಸುವ ಮೊದಲು ಪರೀಕ್ಷಾ ಟ್ರೆಂಚ್ ತೋಡಿ ನೋಡಿ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯಲ್ಲಿ ರಸ್ತೆಗೆಂದೋ ಕೆಂಪುಕಲ್ಲಿನ ಕೋರೆಗೆಂದೋ ಗುಡ್ಡೆ ತಗ್ಗಿಸುವಾಗ ಹಳೆಯ ಗುಂಡಿಯೋ ಅಗಳೋ ಕಣ್ಣಿಗೆ ಬಿದ್ದರೆ ಊರಿನಲ್ಲಿ ಏಳುವ ಮಾತು ಎರಡೇ: ಒಂದೋ ನಿಧಿ, ಇಲ್ಲವೇ ಟಿಪ್ಪುವಿನ ಸುರಂಗ. ಎರಡೂ ಅಲ್ಲವೆಂದು ಖಾತ್ರಿಯಾದ ಮೇಲೆ ಯಾರಿಗೂ ಅದರ ಗೊಡವೆ ಇರುವುದಿಲ್ಲ, ಹಿಟಾಚಿ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಚಿನ್ನವೂ ಇಲ್ಲದ, ಸುರಂಗವೂ ಅಲ್ಲದ, ಬರೀ ಮಣ್ಣು ತುಂಬಿದ ಆ ಅಗಳು ಮತ್ತು ಗುಂಡಿಗಳ ಬಗ್ಗೆ ಈ ಪತ್ರ. ಹಳೆಯ ವಸತಿಯ ಕುರುಹು ಇರುವ ಕಡೆ ಗುಡ್ಡೆ ತಗ್ಗಿಸಲು ಅನುಮತಿ ಕೊಡುವ ಮೊದಲು ಆ ಜಾಗದ ನೂರಕ್ಕೆ ಐದು ಪಾಲನ್ನಾದರೂ ಪರೀಕ್ಷಾ ಟ್ರೆಂಚ್ ತೋಡಿ ನೋಡಬೇಕು ಎಂಬುದು ನಮ್ಮ ಬೇಡಿಕೆ. ಅದನ್ನು ಹೇಗೆ ಮಾಡಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇವೆ. ಗೊತ್ತಿಲ್ಲದೆ ತೋಡಿದ ಟ್ರೆಂಚಿಗಿಂತ ತೋಡದೆ ಬಿಟ್ಟ ನೆಲವೇ ಮೇಲು. ಗೊಂದಲ ಬೇಡವೆಂದು ಮೊದಲೇ ಹೇಳಿಬಿಡುತ್ತೇವೆ: ಈ ಪತ್ರದಲ್ಲಿ ಅಗಳು ಎಂದರೆ ಹಿಂದಿನವರು ತೋಡಿದ ಉದ್ದನೆಯ ಕಂದಕ, ಟ್ರೆಂಚ್ ಎಂದರೆ ಪರೀಕ್ಷೆಗಾಗಿ ಈಗ ತೋಡುವುದು.

ಕೋಟೆಗಳ ವಿಷಯ ಎಲ್ಲರಿಗೂ ಗೊತ್ತಿದೆ. ಬೇಕಲ, ಚಂದ್ರಗಿರಿ, ಹೊಸದುರ್ಗ, ಕುಂಬಳೆಯ ಆರಿಕ್ಕಾಡಿ ಇವೆಲ್ಲ ಕೆಳದಿ ನಾಯಕರ ಕಾಲದ ಕೋಟೆಸಾಲು. ಸುಮಾರು 1650ರಲ್ಲಿ ಶಿವಪ್ಪನಾಯಕ ಕಟ್ಟಿಸಿದ ಬೇಕಲ ಕೋಟೆಯೊಳಗೆ 1990ರ ದಶಕದ ಕೊನೆಯಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ಅಗೆದು ಅರಮನೆಯ ಅವಶೇಷ, ಟಂಕಸಾಲೆಯ ಜಾಗ ಎಲ್ಲವನ್ನೂ ಹೊರತೆಗೆಯಿತು. ಆದರೆ ಕೋಟೆಯ ಗೋಡೆಯ ಹೊರಗೆ ಬದುಕಿದವರು ಎಲ್ಲಿದ್ದರು? ಬೀಡುಗಳ (ಹಳೆಯ ಅರಸುಮನೆಗಳ) ಸುತ್ತ, ಹಳೆಯ ಗುತ್ತುಮನೆಗಳ ಹಿಂದೆ, ಪದವುಗಳ (ಗುಡ್ಡೆಯ ಮೇಲಿನ ಬಯಲು ನೆಲದ) ಅಂಚಿನಲ್ಲಿ ತೋಡಿದ ಗಡಿ ಅಗಳು, ದನ ಬಾರದಂತೆ ಮಾಡಿದ ಕಣಿ, ಕಾಳು ಇಡುವ ಗುಂಡಿ, ಕಸ ಎಸೆದ ಗುಂಡಿ, ಮನೆಗೆ ಕಲ್ಲು ಕಡಿದ ಹೊಂಡ ಇವು ಯಾವ ಕಡತದಲ್ಲೂ ಇಲ್ಲ. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ಕಂಡ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸಾ, ಕುಂಬಳೆಯ ಕಪ್ಪು ಅಕ್ಕಿ ಮಾಲ್ದೀವಿಗೆ ಹೋಗುತ್ತಿತ್ತು, ಬದಲಿಗೆ ತೆಂಗಿನ ನಾರು ಬರುತ್ತಿತ್ತು ಎಂದು ಬರೆದಿದ್ದಾನೆ. ಹಡಗಿಗೆ ತುಂಬುವಷ್ಟು ಅಕ್ಕಿ ಯಾವ ಬೈಲಿನದು, ಎಲ್ಲಿ ಕೂಡಿಟ್ಟದ್ದು ಎಂಬುದಕ್ಕೆ ಉತ್ತರ ಸಿಗುವುದಿದ್ದರೆ ಯಾವುದೋ ಗುಂಡಿಯ ತಳದಲ್ಲಿ ಕರಕಲಾಗಿ ಉಳಿದ ನಾಲ್ಕು ಹಿಡಿ ಭತ್ತದಲ್ಲಿ ಸಿಗಬೇಕು.

ಇಂಗ್ಲೆಂಡಿನಲ್ಲಿ 1990ರ ನವೆಂಬರಿನಲ್ಲಿ ಯೋಜನಾ ಮಾರ್ಗಸೂಚಿಯೊಂದು ಹೊರಬಿದ್ದ ಮೇಲೆ ಇಂಥ ಪರೀಕ್ಷೆ ರೂಢಿಗೆ ಬಂತು. ಹೊಲದಲ್ಲಿ ಮನೆ ಕಟ್ಟಲು ಹೊರಟ ಕಂಪನಿಯೇ ಖರ್ಚು ಕೊಟ್ಟು, ಜಾಗದ ನೂರಕ್ಕೆ 2ರಿಂದ 5 ಪಾಲನ್ನು ಟ್ರೆಂಚ್ ಹಾಕಿಸಿ, ವರದಿಯನ್ನು ಅನುಮತಿ ಕೊಡುವವರ ಮುಂದಿಡಬೇಕು. ಅಲ್ಲಿನ ಎಷ್ಟೋ ಮಧ್ಯಯುಗದ ಹಳ್ಳಿಗಳ ಗಡಿ ಅಗಳುಗಳೂ ಕಸದ ಗುಂಡಿಗಳೂ ಬೆಳಕಿಗೆ ಬಂದದ್ದು ಹೀಗೆ. ನಮ್ಮಲ್ಲಿ ಉತ್ಖನನ ಎಂದಕೂಡಲೇ ಕಣ್ಣಿಗೆ ಬರುವುದು 1944ರಿಂದ 48ರ ತನಕ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಬಳಕೆಗೆ ತಂದ ಚೌಕಗಳ ಪದ್ಧತಿ. ಚೌಕಗಳ ನಡುವೆ ಅಗೆಯದೆ ಬಿಟ್ಟ ಮಣ್ಣಿನ ದಿಂಡು ಇರುತ್ತದೆ. ಪದರದ ಮೇಲೆ ಪದರ ಬಿದ್ದ ದಿಬ್ಬಕ್ಕೆ ಅದು ಒಪ್ಪುತ್ತದೆ. ತೆಳು ಮಣ್ಣಿನಡಿ ಎಕರೆಗಟ್ಟಲೆ ಹರಡಿದ ನಮ್ಮ ಪದವಿನ ವಸತಿಗೆ ಒಪ್ಪುವುದಿಲ್ಲ. ಒಂದು ಅಗಳು ಇನ್ನೊಂದನ್ನು ಕಡಿದು ಹೋಗುವ ಜಾಗ ಸರಿಯಾಗಿ ಆ ದಿಂಡಿನಡಿಯಲ್ಲೇ ಇರುವ ಯೋಗ ಅಗೆಯುವವರಿಗೆಲ್ಲ ಗೊತ್ತು.

ಟ್ರೆಂಚಿಗೆ ಮೊದಲು ಕಾಗದದ ಕೆಲಸ. ಗ್ರಾಮ ಕಚೇರಿಯ ಹಳೆಯ ಸರ್ವೆ ನಕ್ಷೆಯಲ್ಲಿ ಕಾರಣವಿಲ್ಲದೆ ಬಾಗಿದ ಗಡಿರೇಖೆ ಎಷ್ಟೋ ಸಲ ಮುಚ್ಚಿಹೋದ ಅಗಳಿನದ್ದಾಗಿರುತ್ತದೆ. ಆಮೇಲೆ ನಡೆದು ನೋಡಬೇಕು. ಮಳೆ ನಿಂತು ಪದವಿನ ಹುಲ್ಲು ಒಣಗತೊಡಗುವ ಡಿಸೆಂಬರ್–ಜನವರಿಯಲ್ಲಿ, ಹೂಳು ತುಂಬಿದ ಅಗಳಿನ ಮೇಲಿನ ಹುಲ್ಲು ಮಾತ್ರ ಇನ್ನೂ ಕೆಲವು ವಾರ ಹಸಿರಾಗಿರುತ್ತದೆ. ಮುರದ (ಕೆಂಪುಕಲ್ಲಿನ ನೆಲದ) ಮೇಲೆ ಮಣ್ಣು ಒಂದು ಗೇಣು ಇರುವಲ್ಲಿ ಅಗಳಿನೊಳಗೆ ಒಂದೂವರೆ ಮೀಟರ್ ಇರುತ್ತದೆ, ತೇವ ಅಲ್ಲಿ ಉಳಿಯುತ್ತದೆ. ಆ ವಾರಗಳಲ್ಲಿ ಡ್ರೋನ್ ಹಾರಿಸಿ ತೆಗೆದ ಚಿತ್ರ ಏಪ್ರಿಲಿನಲ್ಲಿ ತೆಗೆದದ್ದಕ್ಕಿಂತ ಹತ್ತು ಪಾಲು ಉಪಯೋಗಿ. ಗುಡ್ಡಕ್ಕೆ ಬೆಂಕಿ ಬಿದ್ದ ಮೇಲೆ ಏನೂ ಕಾಣಿಸದು.

ಇನ್ನು ಲೆಕ್ಕ. 5 ಎಕರೆ ಎಂದರೆ ಸುಮಾರು 20,200 ಚದರ ಮೀಟರ್. 25 ಮೀಟರ್ ಉದ್ದ, 2 ಮೀಟರ್ ಅಗಲದ ಟ್ರೆಂಚ್ ಒಂದಕ್ಕೆ 50 ಚದರ ಮೀಟರ್. ಅಂಥ 20 ಟ್ರೆಂಚ್ ಹಾಕಿದರೆ ನೂರಕ್ಕೆ ಐದು ಪಾಲು ಆಯಿತು. ಎಲ್ಲವನ್ನೂ ಒಂದೇ ದಿಕ್ಕಿಗೆ ಹಾಕುವುದು ತಪ್ಪು. ಟ್ರೆಂಚಿಗೆ ಸಮಾನಾಂತರವಾಗಿ ಓಡುವ ಅಗಳು ಎರಡು ಟ್ರೆಂಚ್‌ಗಳ ನಡುವಿನಿಂದ ಜಾರಿಹೋಗುತ್ತದೆ. ಒಂದನ್ನು ಉತ್ತರ-ದಕ್ಷಿಣಕ್ಕೆ ಹಾಕಿದರೆ ಮುಂದಿನದನ್ನು ಪೂರ್ವ-ಪಶ್ಚಿಮಕ್ಕೆ ಹಾಕಬೇಕು. ಇಳಿಜಾರಿನಲ್ಲಿ ಮಾತ್ರ ಈ ನಿಯಮ ಸಡಿಲಿಸಿ ಹೆಚ್ಚಿನವನ್ನು ಮೇಲಿನಿಂದ ಕೆಳಕ್ಕೆ ಹಾಕಬಹುದು, ಗುಡ್ಡೆಯ ಹೊಟ್ಟೆಯನ್ನು ಸುತ್ತುವ ಅಗಳು ಅಡ್ಡವಾಗಿ ಸಿಗುತ್ತದೆ.

ಈ ಲೆಕ್ಕದ ಮಿತಿಯನ್ನೂ ಹೇಳಬೇಕು. ಜಾಗದ ಈ ತುದಿಯಿಂದ ಆ ತುದಿಗೆ ಹಾಯುವ ಅಗಳು ಇಂಥ ಜಾಲಕ್ಕೆ ಬೀಳದೆ ಹೋಗುವುದು ಕಷ್ಟ. ಆದರೆ ಒಂದು ಮೀಟರ್ ಅಡ್ಡಳತೆಯ ಒಂಟಿ ಗುಂಡಿಯ ಅಂಚಾದರೂ ಟ್ರೆಂಚಿಗೆ ತಾಗುವ ಸಂಭವ ಹತ್ತಕ್ಕೆ ಒಂದೂ ಇಲ್ಲ. ಹಾಗಾಗಿ ಟ್ರೆಂಚ್ ಖಾಲಿ ಬಂದರೆ ಅಲ್ಲಿ ಏನೂ ಇಲ್ಲ ಎಂದು ಬರೆಯುವುದು ಸುಳ್ಳು, ಉದ್ದನೆಯ ಅಗಳು ಕಂಡಿಲ್ಲ ಎಂದು ಬರೆಯಬಹುದು ಅಷ್ಟೆ. ಗುಂಡಿಗಳು ಒಂಟಿಯಾಗಿ ಇರುವುದು ಕಡಿಮೆ, ಮನೆಯಂಗಳದ ಸುತ್ತ ಗುಂಪಾಗಿ ಇರುತ್ತವೆ. ಒಂದು ಕಂಡರೆ ಆ ಟ್ರೆಂಚನ್ನು ಎರಡೂ ಕಡೆಗೆ ಅಗಲ ಮಾಡಲು ಜಾಗವನ್ನೂ ಹಣವನ್ನೂ ಮೊದಲೇ ತೆಗೆದಿಡಬೇಕು. ಯೋಜನೆ ಬರೆಯುವಾಗ ಇದನ್ನು ಮರೆಯುವವರೇ ಹೆಚ್ಚು. ಕೊನೆಗೆ ವರದಿಯಲ್ಲಿ ‘ಅರ್ಧ ಗುಂಡಿ ಕಂಡುಬಂದಿದೆ’ ಎಂಬ ಸಾಲು ಮಾತ್ರ ಉಳಿಯುತ್ತದೆ.

ಮೇಲ್ಮಣ್ಣು ತೆಗೆಯಲು ಯಂತ್ರ ಬಳಸಬಹುದು. ಅದರಲ್ಲಿ ಅಪಚಾರವೇನೂ ಇಲ್ಲ. ಆದರೆ ಹಲ್ಲಿನ ಬಕೆಟ್ ಸಲ್ಲದು. ಹಲ್ಲು ಎಳೆದ ಗೀರಿನೊಳಗೆ ಮೇಲಿನ ಮಣ್ಣು ತುಂಬಿಕೊಂಡು, ಕೆಳಗಿರುವ ಗುಂಡಿಯ ಅಂಚು ಕಾಣದಂತಾಗುತ್ತದೆ. ತೋಡು ಹೂಳೆತ್ತಲು ಬಳಸುವ ಅಗಲದ ನೇರ ಬಾಯಿಯ ಬಕೆಟ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ವೆಲ್ಡಿಂಗಿನವರಿಂದ ಹಲ್ಲುಗಳ ಉದ್ದಕ್ಕೆ ದಪ್ಪನೆಯ ಉಕ್ಕಿನ ಪಟ್ಟಿ ಕೂಡಿಸಿಕೊಳ್ಳಬೇಕು. ಒಮ್ಮೆಗೆ 10 ಸೆಂಟಿಮೀಟರಿಗಿಂತ ಹೆಚ್ಚು ಕೆರೆಯಬಾರದು. ಯಂತ್ರ ಹಿಂದಕ್ಕೆ ಸರಿಯುತ್ತಾ ಹೋಗಬೇಕು, ತೆರೆದ ನೆಲದ ಮೇಲೆ ಅದರ ಚೈನು ಹತ್ತಲೇಬಾರದು. ಬಕೆಟ್ಟಿನ ಬಾಯಿಯ ಮೇಲೆ ಕಣ್ಣಿಟ್ಟು ಕೈಸನ್ನೆ ಮಾಡುವ ಒಬ್ಬ ಅನುಭವಿ ಉದ್ದಕ್ಕೂ ಇರಬೇಕು, ಫೋನಿನಲ್ಲಿ ಮಾತಾಡುವವರಿಗೆ ಈ ಕೆಲಸ ಬೇಡ. ಮೇಲ್ಮಣ್ಣು ಒಂದು ಕಡೆ, ಅದರಡಿಯ ಮುರದ ಜಲ್ಲಿ ಇನ್ನೊಂದು ಕಡೆ, ಎರಡೂ ಟ್ರೆಂಚಿನ ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರ ಬೀಳಬೇಕು. ಮುಚ್ಚುವಾಗ ಅದೇ ಕ್ರಮದಲ್ಲಿ ಮರಳಿಸಿದರೆ ಜಾಗದ ಯಜಮಾನ ಮುಂದಿನ ವರ್ಷ ಅಲ್ಲಿ ಮರಗೆಣಸು ನೆಡಬಹುದು.

ಯಂತ್ರ ಎಲ್ಲಿ ನಿಲ್ಲಬೇಕು? ಇಲ್ಲಿ ಅರ್ಧಕ್ಕರ್ಧ ತಪ್ಪು ಆಗುತ್ತದೆ. ಪಠ್ಯದಲ್ಲಿ ಹೇಳುವುದು ಮೂಲ ನೆಲ ಸಿಕ್ಕಿದಾಗ ನಿಲ್ಲಿಸಿ ಎಂದು. ನಮ್ಮಲ್ಲಿ ಮೂಲ ನೆಲವೆಂದರೆ ಮುರ, ಅಗಳಿಗೆ ತುಂಬಿದ್ದೂ ಹೆಚ್ಚಾಗಿ ಪುಡಿಯಾದ ಮುರವೇ. ಬಣ್ಣ ಒಂದೇ, ಗಡಸು ಬೇರೆ. ಕರಣೆಯ ಹಿಡಿಯಿಂದ ಬಡಿದು ನೋಡಿದರೆ ಮೂಲ ಮುರ ಗಟ್ಟಿ ಸದ್ದು ಕೊಡುತ್ತದೆ, ತುಂಬಿದ್ದು ಟೊಳ್ಳು ಸದ್ದು ಕೊಡುತ್ತದೆ. ಮೂಲ ಮುರದಲ್ಲಿ ಹುಳು ಕೊರೆದಂಥ ತೂತುಗಳು ಒಂದಕ್ಕೊಂದು ಸೇರಿಕೊಂಡು, ಹಳದಿ-ಬಿಳಿ ಜೇಡಿ ತುಂಬಿಕೊಂಡು ಇರುತ್ತವೆ. ತುಂಬಿದ ಮಣ್ಣಿನಲ್ಲಿ ಆ ತೂತುಗಳು ತುಂಡಾಗಿ, ಕಲ್ಲುಗಳು ಎಲ್ಲ ದಿಕ್ಕಿಗೂ ತಿರುಗಿಕೊಂಡಿರುತ್ತವೆ. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ ಗಮನಿಸಿದ್ದ ಗುಣವೊಂದಿದೆ: ಹೊಸದಾಗಿ ತೆಗೆದಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ನೂರಾರು ವರ್ಷ ತೆರೆದು ಬಿದ್ದಿದ್ದ ಅಗಳಿನ ಗೋಡೆ ಆದ್ದರಿಂದ ಒಳಗಿನ ಮುರಕ್ಕಿಂತ ಗಟ್ಟಿಯಾದ, ಕಂದು ಬಣ್ಣದ ಸಿಪ್ಪೆ ಕಟ್ಟಿಕೊಂಡಿರುತ್ತದೆ. ತುಂಬಿದ ಮಣ್ಣನ್ನು ತೆಗೆಯುವಾಗ ಆ ಸಿಪ್ಪೆಯಿಂದ ಅದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಅನುಮಾನ ಬಂದಲ್ಲಿ ಯಂತ್ರವನ್ನು ನಿಲ್ಲಿಸಿ ಪಿಕ್ಕಾಸು, ಹಾರೆ, ಕರಣೆಗೆ ಇಳಿಯುವುದೇ ಸರಿ.

ಕೆರೆದ ನೆಲ ಎರಡು ಗಂಟೆಯಲ್ಲಿ ಒಣಗಿ ಒಂದೇ ಕೆಂಪಾಗುತ್ತದೆ. ಅಡಕೆಗೆ ಮದ್ದು ಬಿಡುವ ಪಂಪಿನಲ್ಲಿ ಸಣ್ಣಗೆ ನೀರು ಸಿಂಪಡಿಸಿ ಕಾಲು ಗಂಟೆ ಕಾದರೆ ಗುಂಡಿಯ ಅಂಚು ಮೂಡುತ್ತದೆ, ಏಕೆಂದರೆ ತುಂಬಿದ ಮಣ್ಣು ನೀರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬೋರ್ಡೋ ಬಿಟ್ಟ ಪಂಪನ್ನು ತೊಳೆಯದೆ ತಂದರೆ ಸುಣ್ಣ, ಮೈಲುತುತ್ತಿನ ಕಲೆ ನೆಲದಲ್ಲಿ ನಿಂತು ಫೋಟೋ ಕೆಡುತ್ತದೆ. ಫೋಟೋ ತೆಗೆಯಲು ಬೆಳಗಿನ ಒಂಬತ್ತರೊಳಗೆ ಅಥವಾ ಮೋಡ ಕವಿದ ಹೊತ್ತು ಒಳ್ಳೆಯದು.

ಕಂಡ ಗುಂಡಿಯೆಲ್ಲ ಹಳೆಯದಲ್ಲ. ಕಾಸರಗೋಡಿನಲ್ಲೇ ಇರುವ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಮುರ ನೆಲದಲ್ಲಿ ತೆಂಗಿನ ಗುಂಡಿ ಉದ್ದ, ಅಗಲ, ಆಳ ಮೂರೂ 1.2 ಮೀಟರ್, ಸಾಲಿನ ಅಂತರ 7.5 ಮೀಟರ್. ತಳದಲ್ಲಿ ತೆಂಗಿನ ಸಿಪ್ಪೆ ಎರಡು ಪದರ. ಮುರ ಮೆತ್ತಗಾಗಲು ಗುಂಡಿಗೆ ಎರಡು ಕಿಲೋ ಉಪ್ಪು ಹಾಕುವುದೂ ಇದೆ. ಗಿಡ ಸತ್ತು ಐವತ್ತು ವರ್ಷ ಕಳೆದ ಮೇಲೂ ಆ ಚೌಕ ಹಾಗೇ ಉಳಿಯುತ್ತದೆ, ತಳದ ನಾರು ಕಪ್ಪು ಗೆರೆಯಾಗಿ ಕಾಣುತ್ತದೆ. ಅಡಕೆಯದಾದರೆ ಅಂತರ 2.7 ಮೀಟರ್, ಗುಂಡಿ 90 ಸೆಂಟಿಮೀಟರ್. ಹಾಗಾಗಿ ಸಮ ಅಂತರದಲ್ಲಿ ಮೂರು ಚೌಕ ಸಿಕ್ಕಿದರೆ ನಾಲ್ಕನೆಯದು ಎಲ್ಲಿರಬೇಕೆಂದು ಟೇಪು ಹಿಡಿದು ನೋಡಿ. ಸಿಕ್ಕಿಯೇ ಬಿಟ್ಟರೆ ಅದು ತೋಟ. ಗೇರುಮರದ ಬೇರು ಕೊಳೆತ ಜಾಗ ಕಂಬ ನೆಟ್ಟ ಗುಂಡಿಯಂತೆ ತೋರುತ್ತದೆ. ವ್ಯತ್ಯಾಸ ತಿಳಿಯಲು ಅರ್ಧ ಅಗೆದರೆ ಸಾಕು: ಬೇರಿನ ತೂತು ಓರೆಯಾಗಿ ಕವಲೊಡೆದು ಹೋಗುತ್ತದೆ, ಕಂಬದ ಗುಂಡಿ ನೇರವಾಗಿ ಇಳಿದು ತಳ ಚಪ್ಪಟೆಯಾಗಿರುತ್ತದೆ, ಸುತ್ತ ಬಿಗಿಗೆ ಇಟ್ಟ ಕಲ್ಲು ಇರುತ್ತದೆ. ಇನ್ನು ಗೆದ್ದಲು ಸಣ್ಣ ಮಣ್ಣನ್ನು ಮೇಲಕ್ಕೆ ಹೊತ್ತು ತರುವುದರಿಂದ ಮಡಕೆ ಚೂರುಗಳು ವರ್ಷವರ್ಷ ಕೆಳಕ್ಕೆ ಇಳಿಯುತ್ತವೆ. ಹೆಗ್ಗಣದ, ಮುಳ್ಳುಹಂದಿಯ ಬಿಲದಲ್ಲಿ ನಾಯಕರ ಕಾಲದ ಚೂರಿನ ಕೆಳಗೆ ಗುಟ್ಕಾ ಪೊಟ್ಟಣ ಸಿಗುವುದೂ ಉಂಟು.

ಕೈಯಿಂದ ಕಲ್ಲು ಕಡಿದ ಹಳೆಯ ಹೊಂಡದಲ್ಲಿ ಮೆಟ್ಟಿಲು ಮೆಟ್ಟಿಲಾದ ಅಂಚು, ಓರೆ ಏಟಿನ ಗುರುತು ಇರುತ್ತದೆ. ಈಗಿನ ಯಂತ್ರದ ಕೋರೆಯಲ್ಲಿ ಗರಗಸದ ನೇರ ಗೆರೆ. ನೀರಿನ ಸುರಂಗವಾದರೆ ಇಳಿಜಾರಿನ ಬುಡದಿಂದ ಅಡ್ಡಲಾಗಿ ಗುಡ್ಡೆಯೊಳಕ್ಕೆ ಹೋಗುತ್ತದೆ, ಅದನ್ನು ಪದವಿನ ಮೇಲಿನಿಂದ ತೋಡುವುದು ರೂಢಿಯಲ್ಲ. ಮೇಲ್ಗಡೆ ದುಂಡು ಬಾಯಿ ಇದ್ದು ಒಳಗೆ ಗುಮ್ಮಟದಂಥ ಕೋಣೆ ಕಂಡರೆ ಅದು ಕಬ್ಬಿಣ ಯುಗದ ಸಮಾಧಿ ಕೋಣೆ, ಮಧ್ಯಯುಗಕ್ಕಿಂತ ಬಹಳ ಹಿಂದಿನದು. ಅದರೊಳಕ್ಕೆ ಯಾರೂ ಇಳಿಯಬಾರದು, ಒಳಗಿನ ಗಾಳಿಯನ್ನೂ ಮೇಲಿನ ಛಾವಣಿಯನ್ನೂ ನಂಬುವಂತಿಲ್ಲ.

ಅಗಳು ಸಿಕ್ಕಿತು ಎಂದುಕೊಳ್ಳೋಣ. ಅದನ್ನು ಉದ್ದಕ್ಕೆ ಬಗೆಯುವುದಲ್ಲ. ಅದರ ಓಟಕ್ಕೆ ಸರಿಯಾಗಿ ಅಡ್ಡಲಾಗಿ, ಕನಿಷ್ಠ ಒಂದು ಮೀಟರ್ ಅಗಲಕ್ಕೆ, ಅಂಚಿನಿಂದ ಅಂಚಿಗೆ ಕಡಿದು ಗೋಡೆಯನ್ನು ನೇರವಾಗಿ ನಿಲ್ಲಿಸಬೇಕು. ಓರೆಯಾಗಿ ಕಡಿದರೆ ಅಗಳು ಇದ್ದದ್ದಕ್ಕಿಂತ ಅಗಲವಾಗಿ ಕಾಣುತ್ತದೆ. ಮೀಟರಿಗೆ ಮೀಟರ್ ಕಡಿಯುವ ಅಗತ್ಯವಿಲ್ಲ, ಆದರೆ ಎರಡು ಜಾಗವನ್ನು ಬಿಡಬಾರದು: ಅಗಳು ಮುಗಿಯುವ ತುದಿ, ಮತ್ತು ಒಂದು ಅಗಳು ಇನ್ನೊಂದನ್ನು ದಾಟುವ ಮೂಲೆ. ತುದಿಯಲ್ಲಿ ದ್ವಾರವಿತ್ತು ಎಂದಾದರೆ ಒಡೆದ ಮಡಕೆ, ಬೂದಿ ಹೆಚ್ಚಾಗಿ ಬೀಳುವುದು ಅಲ್ಲೇ. ದಾಟುವ ಮೂಲೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯುತ್ತದೆ.

ಗೋಡೆಯನ್ನು ಓದುವುದು ಹೀಗೆ. ತಳದಲ್ಲಿ ದೊಡ್ಡ ಜಲ್ಲಿ ಇದ್ದರೆ ಅದು ತೋಡಿದ ಮೊದಲ ಕೆಲವು ಮಳೆಗಾಲದಲ್ಲಿ ಬಿದ್ದದ್ದು. ಅದರ ಮೇಲಿನ ನುಣ್ಣನೆಯ ಹೂಳು ನಿಧಾನಕ್ಕೆ ಕೂತದ್ದು. ಎಲ್ಲಕ್ಕಿಂತ ಮೇಲೆ ಗಂಟುಗಂಟಾದ, ಬಣ್ಣ ಬೆರೆತ ಮಣ್ಣು ಇದ್ದರೆ ಯಾರೋ ಬೇಕೆಂದೇ ಮುಚ್ಚಿದ್ದು. ಅಗಳು ಎಷ್ಟು ಬೇಗ ತುಂಬುತ್ತದೆ ಎಂದು ನೋಡಲು 1960ರಲ್ಲಿ ಇಂಗ್ಲೆಂಡಿನ ಓವರ್ಟನ್ ಡೌನ್ ಎಂಬಲ್ಲಿ ಹೊಸ ಅಗಳನ್ನೇ ತೋಡಿ, ವರ್ಷಗಳ ಅಂತರದಲ್ಲಿ ಕಡಿದು ನೋಡುತ್ತಾ ಬಂದಿದ್ದಾರೆ. ಅಲ್ಲಿ ಸುಣ್ಣದಕಲ್ಲಿನ ಗೋಡೆ ಮೊದಲ ವರ್ಷಗಳಲ್ಲೇ ಕುಸಿದು ತಳ ತುಂಬಿತು. ಆ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚಬಾರದು. ಮುರದ ಗೋಡೆ ಗಟ್ಟಿಯಾಗುತ್ತಾ ಹೋಗಿ ನೇರವಾಗಿಯೇ ನಿಲ್ಲುತ್ತದೆ, ಮುರದ ಕೆಳಗಿನ ಶೇಡಿ (ಮೆತ್ತನೆಯ ಜೇಡಿ) ಮಾತ್ರ ಮಳೆಗೆ ಕರಗಿ ಕೊರೆದುಹೋಗುತ್ತದೆ. ಆದ್ದರಿಂದ ನಮ್ಮ ಆಳದ ಅಗಳುಗಳಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ಕಂಡರೆ ಹಾಗೆಯೇ ತೋಡಿದ್ದರು ಎಂದು ತಿಳಿಯಬೇಕಿಲ್ಲ. ತೋಡಿದ ಮಣ್ಣನ್ನು ಒಂದು ಬದಿಗೆ ದಂಡೆಯಾಗಿ ಹಾಕಿದ್ದರೆ ಜಲ್ಲಿ ಆ ಬದಿಯಿಂದಲೇ ಓರೆಯಾಗಿ ಇಳಿದಿರುತ್ತದೆ. ದಂಡೆ ಈಗ ನೆಲಸಮವಾಗಿದ್ದರೂ ಅದು ಒಳಬದಿಯಲ್ಲಿತ್ತೋ ಹೊರಬದಿಯಲ್ಲಿತ್ತೋ ಎಂದು ಇದರಿಂದ ಗೊತ್ತಾಗುತ್ತದೆ. ರಕ್ಷಣೆಗೆ ತೋಡಿದ ಅಗಳಿಗೆ ದಂಡೆ ಸಾಮಾನ್ಯವಾಗಿ ಒಳಬದಿ. ನೀರು ತಿರುಗಿಸಲು ತೋಡಿದ್ದಾದರೆ ಇಳಿಜಾರಿನ ಕೆಳಬದಿ. ತುಂಬಿದ ಅಗಳೊಳಗೆ ಇನ್ನೊಂದು ಕಿರಿದಾದ ಅಗಳಿನ ರೂಪ ಕಂಡರೆ ಅದನ್ನು ಮತ್ತೆ ತೋಡಿ ಬಳಸಿದ್ದರು ಎಂದರ್ಥ. ಇದನ್ನು ಗಮನಿಸದೆ ಎಲ್ಲ ಚೂರುಗಳನ್ನೂ ಒಂದೇ ಚೀಲಕ್ಕೆ ಹಾಕಿದರೆ ಇನ್ನೂರು ವರ್ಷ ಒಂದೇ ದಿನವಾಗಿಬಿಡುತ್ತದೆ.

ಗುಂಡಿಯಾದರೆ ಅತಿ ಅಗಲದ ಕಡೆ ದಾರ ಕಟ್ಟಿ ಅರ್ಧವನ್ನು ಮಾತ್ರ ತೆಗೆಯಬೇಕು. ನಿಂತ ಗೋಡೆಯನ್ನು 1:10 ಅಳತೆಯಲ್ಲಿ, ಮೇಲಿನ ನೋಟವನ್ನು 1:20ರಲ್ಲಿ ಬರೆದು, ಫೋಟೋ ತೆಗೆದ ಮೇಲೆ ಉಳಿದರ್ಧ. ತೋಡಿದ ಹೊಂಡಕ್ಕೆ ಒಂದು ಸಂಖ್ಯೆ, ಅದರಲ್ಲಿ ತುಂಬಿದ ಪ್ರತಿ ಪದರಕ್ಕೆ ಬೇರೆ ಬೇರೆ ಸಂಖ್ಯೆ. ಚೂರಿನ ಚೀಲದ ಮೇಲೆ ಪದರದ ಸಂಖ್ಯೆ ಇಲ್ಲದಿದ್ದರೆ ಆ ಚೂರು ತೋಟದಲ್ಲಿ ಹೆಕ್ಕಿದ ಚೂರಿಗೆ ಸಮ. ಚೀಟಿಯನ್ನು ಶಾಯಿಯಲ್ಲಿ ಬರೆದರೆ ತೇವಕ್ಕೆ ಅಳಿಸಬಹುದು, ಪೆನ್ಸಿಲಿನಲ್ಲಿ ಬರೆದು ಚೀಲದ ಒಳಗೊಂದು, ಹೊರಗೊಂದು ಇಡಬೇಕು.

ಮಣ್ಣಿನ ಮಾದರಿ ತೆಗೆಯುವುದನ್ನು ಖರ್ಚೆಂದು ಬಿಡುವವರಿದ್ದಾರೆ. ಗುಂಡಿಯ ಬೆಲೆ ಇರುವುದೇ ಅದರಲ್ಲಿ. ಪ್ರತಿ ಒಳ್ಳೆಯ ಪದರದಿಂದ 40 ಲೀಟರ್ ಮಣ್ಣು, ಅಷ್ಟಿಲ್ಲದಿದ್ದರೆ ಇದ್ದಷ್ಟೂ. ಡ್ರಮ್ಮಿನ ನೀರಿನಲ್ಲಿ ಕದಡಿದಾಗ ಕರಕಲಾದ ಭತ್ತ, ಹುರುಳಿ, ಕಳೆಬೀಜ ಮೇಲೆ ತೇಲುತ್ತವೆ. 250 ಮೈಕ್ರಾನ್ ಜರಡಿಯಲ್ಲಿ ಹಿಡಿದು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಕಾಳು ಸೀಳುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಎಲುಬು ಉಳಿಯುವುದಿಲ್ಲ, ಸುಟ್ಟ ಎಲುಬು ಮತ್ತು ಹಲ್ಲಿನ ಹೊರಪದರ ಮಾತ್ರ ಸಿಗಬಹುದು. ಎಲುಬು ಸಿಗಲಿಲ್ಲ ಆದ್ದರಿಂದ ಸಸ್ಯಾಹಾರಿಗಳ ಊರು ಎಂದು ಬರೆದರೆ ನಗೆಪಾಟಲು. ಬೈಲಿನ ಕಡೆ ನೀರು ನಿಂತ ಅಗಳು ಸಿಕ್ಕಿದರೆ ಮರದ ತುಂಡು, ಹೊಟ್ಟು, ಹುರಿ ಎಲ್ಲ ಉಳಿದಿರಬಹುದು. ಅಲ್ಲಿ ತೆರೆದದ್ದನ್ನು ಒದ್ದೆ ಗೋಣಿ ಮುಚ್ಚಿ ಒಣಗದಂತೆ ಕಾಯಬೇಕು.

ಕಾಲ ನಿರ್ಣಯದಲ್ಲಿ ಇಂಗಾಲ ಪರೀಕ್ಷೆಯೊಂದನ್ನೇ ನೆಚ್ಚಬಾರದು. ಮಾದರಿ ಕೊಡುವುದಾದರೆ ಮರದ ಇದ್ದಿಲಿಗಿಂತ ಕಾಳನ್ನು ಕೊಡಬೇಕು. ಹಲಸಿನ ತೊಲೆ ಉರಿದ ಇದ್ದಿಲು ಅಗಳಿಗಿಂತ ನೂರಿನ್ನೂರು ವರ್ಷ ಹಳೆಯ ಕಾಲ ತೋರಿಸಬಹುದು, ಕಾಳು ಆ ವರ್ಷದ ಬೆಳೆ. ದಿಲ್ಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಒಂದೆರಡು ಕಾಳು ಸಾಕಾಗುವಂಥ ಪರೀಕ್ಷೆ ಆಗುತ್ತದೆ. ಆದರೆ 1650ರ ಈಚಿನ ಮಾದರಿಗೆ ಆ ವಿಧಾನ ಕೊಡುವ ಉತ್ತರ 1650ರಿಂದ 1950ರ ನಡುವೆ ಎಲ್ಲೋ ಒಂದು ಕಡೆ ಎಂಬಷ್ಟು ಅಗಲ. ಕೆಳದಿ ಕಾಲದ ಅಗಳನ್ನು ಟಿಪ್ಪು ಕಾಲದ್ದರಿಂದ ಅದು ಬೇರ್ಪಡಿಸದು. ಅಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ನೀಲಿ-ಬಿಳಿ ಚೀನಿ ಪಿಂಗಾಣಿಯ ಚೂರು, ನಾಣ್ಯ, ಹೆಂಚು. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಗಳಿನ ತಳದ ಹೂಳಿನಲ್ಲಿ ಮಂಗಳೂರು ಹೆಂಚಿನ ಒಂದೇ ಒಂದು ಚೂರು, ಬಿಲದಿಂದ ಬಂದದ್ದಲ್ಲ ಎಂದು ಖಾತ್ರಿಯಾಗಿ ಸಿಕ್ಕಿದರೂ ಆ ಹೂಳು 1865ರ ಈಚಿನದು, ಮತ್ತೆ ವಾದವಿಲ್ಲ. ಮೆಣಸಿನಕಾಯಿ, ಹೊಗೆಸೊಪ್ಪಿನ ಬೀಜ ಇದ್ದರೆ ಪೋರ್ಚುಗೀಸರು ಬಂದ ಮೇಲಿನದು. ಆನೆಯ ಚಿತ್ರವಿರುವ ತಾಮ್ರದ ಕಾಸು ಸಿಕ್ಕಿದೊಡನೆ ಟಿಪ್ಪು ಎಂದು ಕೂಗಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆಯ ಕಾಸು ಹೊರಟಿತ್ತು.

ಜೀವಕ್ಕೆ ಅಪಾಯ ಇರುವುದು ಶೇಡಿಯಲ್ಲಿ. ಮೇಲಿನ ಮುರ ಗಟ್ಟಿ ಎಂದು ನಂಬಿ ಎರಡು ಮೀಟರ್ ನೇರಕ್ಕೆ ಇಳಿದರೆ, ಕೆಳಗಿನ ಶೇಡಿ ಜಾರಿ ಮುರದ ಹಲಗೆ ಇಡಿಯಾಗಿ ತಲೆಯ ಮೇಲೆ ಬರುತ್ತದೆ. 1.2 ಮೀಟರಿಗಿಂತ ಆಳಕ್ಕೆ ಹೋಗಬೇಕಾದರೆ ಬದಿಯನ್ನು ಮೆಟ್ಟಿಲಾಗಿ ಕಡಿದು ಅಗಲ ಮಾಡಬೇಕು, ಒಬ್ಬರೇ ಇಳಿಯಬಾರದು. ಏಪ್ರಿಲ್ ಕೊನೆಯ ಮಳೆಗೆ ತೆರೆದಿಟ್ಟ ಟ್ರೆಂಚ್ ಒಂದೇ ರಾತ್ರಿಯಲ್ಲಿ ಕೆಸರಿನ ಹೊಂಡವಾಗುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ಕೆಲಸ, ಏಪ್ರಿಲ್ ಮೊದಲ ವಾರದೊಳಗೆ ಮುಚ್ಚುವುದು. ಉಳಿಸಬೇಕಾದ ಅಗಳಿನ ಮೇಲೆ ಮೊದಲು ಬಲೆ ಹಾಸಿ ಮಣ್ಣು ಹಾಕಿದರೆ ಮುಂದೆ ತೆರೆಯುವವರಿಗೆ ಎಲ್ಲಿಯ ತನಕ ಅಗೆದಿದ್ದರು ಎಂದು ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತದೆ? ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಆ ಗೆರೆಯಾಚೆ ಮಣ್ಣಿನಡಿ ಇರುವುದಕ್ಕೆ ಕೇಳುವವರಿಲ್ಲ. ಹಾಗೆಂದು ಊರವರೋ ಶಾಲೆಯವರೋ ತಾವೇ ಹಾರೆ ಹಿಡಿಯುವಂತೆಯೂ ಇಲ್ಲ. 1958ರ ಕೇಂದ್ರ ಕಾಯ್ದೆಯ 24ನೇ ಕಲಮಿನಂತೆ ಸಂರಕ್ಷಿತವಲ್ಲದ ಜಾಗದಲ್ಲಿ ರಾಜ್ಯ ಸರಕಾರ ಉತ್ಖನನ ಮಾಡಿಸಬೇಕಾದರೂ ಕೇಂದ್ರದ ಪೂರ್ವಾನುಮತಿ ಬೇಕು. ನಾವು ಕೇಳುವುದು ಹೊಸ ಕಾನೂನನ್ನಲ್ಲ. ಕೆಂಪುಕಲ್ಲಿನ ಕೋರೆಗೆ 2015ರ ಕೇರಳ ಕಿರುಖನಿಜ ನಿಯಮಗಳ ಪ್ರಕಾರ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಹೇಗೂ ಬೇಕು, ಸರ್ವೆ ನಂಬರು, ನಕ್ಷೆ ಹೇಗೂ ಕೊಡಬೇಕು. ಆ ಅರ್ಜಿ ರಾಜ್ಯ ಪುರಾತತ್ವ ಇಲಾಖೆಯ ಮೇಜಿನ ಮೇಲೂ ಹಾದುಹೋಗಲಿ. ಕೋಟೆ, ಬೀಡು, ಹಳೆಯ ದೇವಸ್ಥಾನ, ಶಾಸನ ಇರುವ ಗ್ರಾಮಗಳ ಪಟ್ಟಿಯೊಂದನ್ನು ಜಿಲ್ಲಾಡಳಿತ ತಯಾರಿಸಿ, ಆ ಗ್ರಾಮಗಳಲ್ಲಿ ಒಂದು ಎಕರೆಗಿಂತ ಹೆಚ್ಚು ತಗ್ಗಿಸುವುದಿದ್ದರೆ ಇಲಾಖೆಯ ಮೇಲ್ವಿಚಾರಣೆಯಲ್ಲಿ ಪರೀಕ್ಷಾ ಟ್ರೆಂಚ್ ಹಾಕಬೇಕೆಂಬ ಶರತ್ತು ಸೇರಿಸಲಿ. ಯಂತ್ರ ಹೇಗೂ ಅಲ್ಲಿಗೆ ಬರುವಂಥದ್ದು, ಅದರ ಬಾಡಿಗೆ ಕೋರೆಯವರದೇ ಇರಲಿ. ಬರೆಯುವ, ಮಣ್ಣು ತೊಳೆಯುವ ಕೆಲಸದ ಕೂಲಿಯನ್ನು ಯಾರು ಕೊಡಬೇಕು ಎಂಬುದರ ಬಗ್ಗೆ ಜಗಳ ಬರಬಹುದು. ದೊಡ್ಡ ರಸ್ತೆ, ಸೌರ ವಿದ್ಯುತ್ ಯೋಜನೆಗಳಲ್ಲಿ ಯೋಜನೆಯದ್ದೇ ವೆಚ್ಚ, ಸಣ್ಣ ಕೋರೆಗಳಲ್ಲಿ ಇಲಾಖೆಯದ್ದು ಎಂದು ಭಾಗ ಮಾಡುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಅಷ್ಟರವರೆಗೆ, ಜೆಸಿಬಿ ಓಡಿಸುವವರಿಗೂ ಜಾಗದ ಯಜಮಾನರಿಗೂ ಒಂದು ಕೋರಿಕೆ. ಕೆಂಪು ನೆಲದಲ್ಲಿ ಕಪ್ಪು ಅಥವಾ ಬೂದು ಬಣ್ಣದ ಪಟ್ಟಿ, ದುಂಡು ಕಂಡರೆ ಬಕೆಟ್ ಎತ್ತಿಬಿಡಿ. ಚೂರುಗಳನ್ನು ಕೀಳಬೇಡಿ, ತೊಳೆಯಬೇಡಿ. ಪಕ್ಕದಲ್ಲಿ ಒಂದು ಕೋಲು ಇಟ್ಟು ಫೋಟೋ ತೆಗೆದು, ಟಾರ್ಪಾಲು ಮುಚ್ಚಿ ಗ್ರಾಮ ಕಚೇರಿಗೆ ತಿಳಿಸಿ. ಅಗಳು ಕಂಡಿತೆಂಬ ಕಾರಣಕ್ಕೆ ಯಾರ ಜಾಗವೂ ಸರಕಾರದ್ದಾಗುವುದಿಲ್ಲ. ಆದರೆ ನಾಣ್ಯ, ಚಿನ್ನದಂಥ ಬೆಲೆಬಾಳುವ ವಸ್ತು ಸಿಕ್ಕಿದರೆ 1968ರ ಕೇರಳ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸುವ ಹೊಣೆ ಇದೆ.

ಮುಂದಿನ ಡಿಸೆಂಬರಿನಲ್ಲಿ ಎಲ್ಲಿಯಾದರೂ ಟ್ರೆಂಚ್ ಬೀಳಬೇಕಾದರೆ ಕಾಗದ ಈ ಮಳೆಗಾಲದಲ್ಲೇ ಹೊರಡಬೇಕು. ಸರ್ವೆ ನಕ್ಷೆ, ಯಜಮಾನರ ಒಪ್ಪಿಗೆ ಪತ್ರ, ಟ್ರೆಂಚ್‌ಗಳ ಜಾಗ ಗುರುತಿಸಿದ ರೇಖಾಚಿತ್ರ, ಮೇಲ್ವಿಚಾರಕರ ಅರ್ಹತೆಯ ವಿವರ, ಮಾದರಿ ಪರೀಕ್ಷೆಗೆ ಇಟ್ಟ ಮೊತ್ತ, ಸಿಕ್ಕಿದ್ದನ್ನು ಎಲ್ಲಿ ಇಡುವುದು ಎಂಬ ಬರಹ ಇಷ್ಟೂ ಜೊತೆಗಿರಲಿ. ಕೊನೆಯದನ್ನು ಬರೆಯದೆ ಕಳಿಸಿದ ಅರ್ಜಿಗಳೇ ಹೆಚ್ಚಾಗಿ ಮರಳಿ ಬರುತ್ತವೆ.

ಇತಿ,
ಉತ್ಖನನ ಕ್ಷೇತ್ರದಲ್ಲಿ ದುಡಿಯುವ ಕೆಲವರು,
ಕಾಸರಗೋಡು